ಹಂಪಿಯಲ್ಲಿ ಶೂಟಿಂಗ್ ಮಾಡುವ ಮುಂಚೆ

ಹಂಪಿಯಲ್ಲಿ ಕಿರುಚಿತ್ರವೋ ಆಲ್ಬಂ ಹಾಡೋ ತೆಗೆಯುವ ಯೋಚನೆ ಇದ್ಯಾ? ಮೊದಲು ನೀವು ಆರಿಸಿದ ಜಾಗ ಯಾರ ಕೈಯಲ್ಲಿದೆ ಅಂತ ವಿಚಾರಿಸಿ. ವಿಜಯ ವಿಠ್ಠಲ ದೇವಸ್ಥಾನದಂಥ ದೊಡ್ಡ ಸ್ಮಾರಕಗಳು ಕೇಂದ್ರದ ಪುರಾತತ್ವ ಇಲಾಖೆಯವು. ಇನ್ನು ಕೆಲವು ರಾಜ್ಯ ಇಲಾಖೆಗೆ ಸೇರಿವೆ. ಅರ್ಜಿ ತಪ್ಪು ಕಚೇರಿಗೆ ಹೋದರೆ ಸುಮ್ನೆ ದಿನ ಹಾಳು.

ಪ್ರವಾಸಿಗರ ಕ್ಯಾಮೆರಾ ಚೀಟಿ ಇದಕ್ಕೆ ಸಾಲದು. ಕೇಂದ್ರದ ಸ್ಮಾರಕಗಳಿಗೆ 1959ರ ಪ್ರಾಚೀನ ಸ್ಮಾರಕಗಳ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಅದರ ಷರತ್ತುಗಳನ್ನು ಯೂನಿಟ್‌ನವರಿಗೆಲ್ಲ ಓದಿ ಹೇಳಿ. ಜನರೇಟರ್ ಸ್ಮಾರಕದಿಂದಲೂ ಹುಲ್ಲುಹಾಸಿನಿಂದಲೂ ದೂರ ಇರಬೇಕು. ಕಲ್ಲಿನ ಮೇಲೆ ನೀರು, ಎಣ್ಣೆ, ಗ್ರೀಸ್ ಏನೂ ಹಚ್ಚುವಂತಿಲ್ಲ. ಕಂಬ ಮಿಂಚಲಿ ಅಂತ ನೀರು ಚಿಮುಕಿಸೋದೂ ಬೇಡ, ದಯವಿಟ್ಟು. ಬಂದು ಹೋಗುವ ಜನರನ್ನು ತಡೆಯುವಂತಿಲ್ಲ. ಹಾಗಾಗಿ ಜನ ಕಡಿಮೆ ಇರುವ ಬೆಳಗಿನ ಹೊತ್ತೇ ವಾಸಿ.

ಡ್ರೋನ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ 2021ರ ನಿಯಮದಲ್ಲಿ ಪೈಲಟ್ ಲೈಸೆನ್ಸ್ ಬೇಕಿಲ್ಲ, ನಿಜ. ಆದರೆ ಸ್ಮಾರಕದ ಮೇಲೆ ಹಾರಿಸಲು ಇಲಾಖೆಯ ಅನುಮತಿ ಬೇರೆಯೇ ಬೇಕು. ಅನುಮತಿ ಪತ್ರದ ಎರಡು ಪ್ರಿಂಟ್ ಜೊತೆಗಿರಲಿ, ಗೇಟಿನಲ್ಲಿ ಕೇಳುತ್ತಾರೆ.