ದೀಪಾವಳಿಯಿಂದ ಸಂಕ್ರಾಂತಿತನಕ ರೊಕ್ಕದ ಲೆಕ್ಕ: ಕಲಬುರಗಿ, ಬೀದರ್, ಯಾದಗಿರಿಯಿಂದ ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿ ಬೆಳೆದವರಿಗೆ ಕ್ರೆಡಿಟ್ ಕಾರ್ಡ್ ಹೊಸದೇನಲ್ಲ. ಆದರೆ ಉದ್ರಿ ಜಾಸ್ತಿ ಆದರೆ ಅಂಗಡಿ ಸಾವಕಾರ "ಬಾಳ ಆತು ನೋಡ್ರಿ" ಅಂತ ಮೊದಲೇ ಅಂದುಬಿಡುತ್ತಾನೆ. ಕಾರ್ಡು ಹಾಗೆ ಅನ್ನುವುದಿಲ್ಲ. ಅದಕ್ಕೇ ಇಲ್ಲಿ ಮೊದಲ ವರ್ಷದ ಮನೆಲೆಕ್ಕ ಕೆಡುವುದು ಡಿಸೆಂಬರಿನಲ್ಲಿ ಅಲ್ಲ, ಜನವರಿ ಮೊದಲ ವಾರದಲ್ಲಿ. ಸಾಮಾನು ಕೊಂಡ ದಿನ ಬಿಟ್ಟು, ಖಾತೆಯಿಂದ ರೊಕ್ಕ ಹೋಗುವ ದಿನ ಹಿಡಿದು ಲೆಕ್ಕ ಬರೆಯಿರಿ.

2026ರಲ್ಲಿ ಈ ಲೆಕ್ಕ ಇನ್ನಷ್ಟು ಬಿಗಿ. ಅಧಿಕ ಮಾಸ ಬಂದಿದ್ದರಿಂದ ಆಮೇಲಿನ ನಮ್ಮ ಹಬ್ಬಗಳೆಲ್ಲ ತಡವಾಗಿ ಬರುತ್ತವೆ. ದೀಪಾವಳಿ ನವೆಂಬರ್ 8, ಥ್ಯಾಂಕ್ಸ್‌ಗಿವಿಂಗ್ ನವೆಂಬರ್ 26. ನಡುವೆ ಹದಿನೆಂಟೇ ದಿನ. ಎಳ್ಳಮವಾಸ್ಯೆ 2025ರಲ್ಲಿ ಡಿಸೆಂಬರ್ 19ಕ್ಕೆ ಬಂದಿತ್ತು, ಈ ಸಲ 2027ರ ಜನವರಿ 7ಕ್ಕೆ. ಅದರ ವಾರಕ್ಕೇ ಸಂಕ್ರಾಂತಿ. 2027ರ ರಂಜಾನ್ ತಿಂಗಳೂ ಫೆಬ್ರುವರಿಯಲ್ಲೇ ಶುರು. ಇಲ್ಲಿನ ಹಬ್ಬದ ಬಿಲ್ಲು, ಊರ ಹಬ್ಬದ ರೊಕ್ಕ ಎರಡೂ ಒಂದೇ ತಿಂಗಳಲ್ಲಿ ಬಾಗಿಲಿಗೆ ಬರುತ್ತವೆ.

ಕಾರ್ಡಿನ ತಾರೀಖು

ಕಾರ್ಡಿಗೆ ಎರಡು ತಾರೀಖು ಇರುತ್ತವೆ: ಸ್ಟೇಟ್‌ಮೆಂಟ್ (ತಿಂಗಳ ಖರ್ಚಿನ ಬಿಲ್ಲು) ಮುಚ್ಚುವ ದಿನ, ಕಟ್ಟುವ ಕಡೇ ದಿನ. ಎರಡರ ನಡುವೆ ಕನಿಷ್ಠ 21 ದಿನ ಇರಬೇಕು ಅಂತ ಕಾನೂನು. ನಿಮ್ಮ ಸ್ಟೇಟ್‌ಮೆಂಟ್ ತಿಂಗಳ 12ಕ್ಕೆ ಮುಚ್ಚಿ, ಮುಂದಿನ ತಿಂಗಳ 7ಕ್ಕೆ ಕಟ್ಟಬೇಕು ಅಂದುಕೊಳ್ಳಿ. ಬ್ಲ್ಯಾಕ್ ಫ್ರೈಡೇ, ಅಂದರೆ ಥ್ಯಾಂಕ್ಸ್‌ಗಿವಿಂಗ್ ಮರುದಿನದ ರಿಯಾಯಿತಿ ಮಾರಾಟದಲ್ಲಿ, ನವೆಂಬರ್ 27ಕ್ಕೆ ಕೊಂಡಿದ್ದು ಡಿಸೆಂಬರ್ 12ರ ಸ್ಟೇಟ್‌ಮೆಂಟಿಗೆ ಸೇರಿ ಜನವರಿ 7ಕ್ಕೆ ಬಾಕಿ ಆಗುತ್ತದೆ. ಡಿಸೆಂಬರ್ 20ರ ಖರೀದಿ ಫೆಬ್ರುವರಿ 7ಕ್ಕೆ. ಜನವರಿ 7 ಅಂದರೆ ಎಳ್ಳಮವಾಸ್ಯೆಯ ದಿನವೇ. ಬಾಡಿಗೆ ಹೋಗಿ ಇನ್ನೂ ಒಂದು ವಾರ ಆಗಿರುವುದಿಲ್ಲ.

ಪೂರ್ತಿ ಬಾಕಿ ಕಟ್ಟಿದರೆ ಬಡ್ಡಿ ಇಲ್ಲ. ಒಮ್ಮೆ "ಕನಿಷ್ಠ ಮೊತ್ತ" ಮಾತ್ರ ಕಟ್ಟಿದಿರೋ, ಉಳಿದದ್ದಕ್ಕಷ್ಟೇ ಅಲ್ಲ, ಆಮೇಲೆ ಕೊಳ್ಳುವ ಹಾಲು, ಪೆಟ್ರೋಲಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 24ರ ದರ ಇದ್ದರೆ 1,200 ಡಾಲರ್ ಬಾಕಿಗೆ ತಿಂಗಳಿಗೆ 24 ಡಾಲರ್. ಊರಿನ ಲೆಕ್ಕದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅಲ್ಲಿ ಬ್ಯಾಡ ಅಂದದ್ದನ್ನು ಇಲ್ಲಿ ಯಾಕೆ ಒಪ್ಪಬೇಕು?

ಇದಕ್ಕಿಂತ ಕೆಟ್ಟದ್ದು ದೊಡ್ಡ ಅಂಗಡಿಗಳ ಸ್ವಂತ ಕಾರ್ಡು. "12 ತಿಂಗಳಲ್ಲಿ ಪೂರ್ತಿ ತೀರಿಸಿದರೆ ಬಡ್ಡಿ ಇಲ್ಲ" ಅಂತ ಬರೆದಿದ್ದರೆ ಅದು ಬಡ್ಡಿ ಮನ್ನಾ ಅಲ್ಲ, ಬಡ್ಡಿಯನ್ನು ಮುಂದಕ್ಕೆ ಹಾಕಿದ್ದು. ಕಡೇ ದಿನ ಹತ್ತು ಡಾಲರ್ ಉಳಿದಿದ್ದರೂ ಕೊಂಡ ದಿನದಿಂದ ಎಣಿಸಿದ ಬಡ್ಡಿ ಒಟ್ಟಿಗೆ ಬೀಳುತ್ತದೆ. ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದರೆ ಸಾಮಾನ್ಯವಾಗಿ ಅಷ್ಟರೊಳಗೆ ತೀರುವುದಿಲ್ಲ. ಒಟ್ಟು ಮೊತ್ತವನ್ನು 11ರಿಂದ ಭಾಗಿಸಿ, ತಿಂಗಳಿಗೆ ಅಷ್ಟು ತಾನಾಗಿ ಹೋಗುವಂತೆ ಹಾಕಿ.

ಹೊಸಬರ ಕಾರ್ಡಿನ ಮಿತಿ 500 ಡಾಲರ್ ಅಷ್ಟೇ ಇರಬಹುದು. 450 ಖರ್ಚು ಮಾಡಿ ಸಮಯಕ್ಕೆ ಕಟ್ಟಿದರೂ, ಸ್ಟೇಟ್‌ಮೆಂಟಿನಲ್ಲಿ ಮಿತಿಯ ಶೇ. 90 ಬಳಸಿದ್ದು ಕಾಣುತ್ತದೆ, ಕ್ರೆಡಿಟ್ ಸ್ಕೋರ್ (ಸಾಲ ತೀರಿಸುವ ನಂಬಿಕೆಯ ಅಂಕ) ಇಳಿಯುತ್ತದೆ. ಸ್ಟೇಟ್‌ಮೆಂಟ್ ಮುಚ್ಚುವ ಎರಡು ಮೂರು ದಿನ ಮೊದಲೇ ಬಹುಪಾಲು ಕಟ್ಟಿಬಿಡಿ. ಬಾಡಿಗೆಗೆ ಮನೆ ಕೊಡುವವರು ಈ ಸ್ಕೋರ್ ನೋಡುವುದುಂಟು, ಫೆಬ್ರುವರಿಯಲ್ಲಿ ಮನೆ ಬದಲಿಸುವವರು ಇದನ್ನು ಮರೆಯಬಾರದು.

ಪಗಾರ ಹೇಗೆ ಹಂಚುವುದು

ಎರಡು ವಾರಕ್ಕೊಮ್ಮೆ ಪಗಾರ ಆಗುವವರಿಗೆ ವರ್ಷಕ್ಕೆ 26 ಪಗಾರ. ತಿಂಗಳ ಖರ್ಚನ್ನು ಎರಡು ಪಗಾರಕ್ಕೇ ಕಟ್ಟಿಹಾಕಿದರೆ, ಮೂರು ಪಗಾರ ಬರುವ ಎರಡು ತಿಂಗಳ ಹೆಚ್ಚಿನದು ಹಬ್ಬಕ್ಕೆ ಉಳಿಯುತ್ತದೆ. ಬೋನಸ್ ನಂಬಿ ಮೊದಲೇ ಖರ್ಚು ಮಾಡಬೇಡಿ. 2,000 ಡಾಲರ್ ಬೋನಸ್ ಅಂದರೆ ಸಾಮಾನ್ಯವಾಗಿ ಶೇ. 22 ಫೆಡರಲ್ ತೆರಿಗೆ, 440. ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ ಸೇರಿ ಶೇ. 7.65, 153. ಕೈಗೆ 1,407. ರಾಜ್ಯ ತೆರಿಗೆ ಇದ್ದರೆ ಇನ್ನೂ ಕಡಿಮೆ.

ಇಬ್ಬರು, ಒಂದು ಮಗು ಇರುವ ಮನೆಗೆ ಒಂದು ಮಾದರಿ, ಒಟ್ಟು 2,000 ಡಾಲರ್: ಊರಿಗೆ 700, ಮೊದಲ ಚಳಿಗಾಲದ ಕೋಟು ಬೂಟು 300, ಉಡುಗೊರೆ 300, ನಮ್ಮ ಹಬ್ಬಗಳ ಅಡುಗೆ ಬಟ್ಟೆ 250, ಇಲ್ಲೇ ಅಕ್ಕಪಕ್ಕದ ತಿರುಗಾಟ 200, ಆಫೀಸು ಶಾಲೆಯ ಕೊಡುಕೊಳ್ಳು 120, ಉಳಿದ 130 ಕೈಖರ್ಚಿಗೆ. ಆಗಸ್ಟ್ ನಡುವಿನಿಂದ ಹತ್ತು ಪಗಾರದಲ್ಲಿ 200ರಂತೆ ಬೇರೆ ಉಳಿತಾಯ ಖಾತೆಗೆ ಹಾಕಿದರೆ ಡಿಸೆಂಬರ್ 18ರೊಳಗೆ ಜಮಾ. ಅಕ್ಟೋಬರಿನಲ್ಲಿ ಎಚ್ಚರ ಆದವರಿಗೆ ಆರೇ ಪಗಾರ, ಒಂದಕ್ಕೆ ಸುಮಾರು 333. ಅದು ಆಗದಿದ್ದರೆ ಉಡುಗೊರೆ, ತಿರುಗಾಟ ಕಡಿಮೆ ಮಾಡಿ. ಕೋಟು ಕಡಿಮೆ ಮಾಡಬೇಡಿ. ಕಲಬುರಗಿಯ ಮೇ ತಿಂಗಳ ಬಿಸಿಲು ತಡೆದವರೂ ಇಲ್ಲಿನ ಜನವರಿಗೆ ಹೊಸಬರೇ.

ಬೆಲೆ ಚೀಟಿ ನೋಡಿ ಮೋಸ ಹೋಗಬೇಡಿ, ಮಾರಾಟ ತೆರಿಗೆ ಅದರಲ್ಲಿ ಸೇರಿರುವುದಿಲ್ಲ. ಹೋಟೆಲ್ ಊಟ 60 ಡಾಲರ್ ಅಂದರೆ ಶೇ. 8 ತೆರಿಗೆ, ಶೇ. 20 ಟಿಪ್ಸ್ ಸೇರಿ 77ಕ್ಕೆ ಮುಟ್ಟುತ್ತದೆ. ಆಫೀಸಿನ ಸೀಕ್ರೆಟ್ ಸಾಂಟಾಗೆ (ಚೀಟಿ ಎತ್ತಿ ಗುಟ್ಟಾಗಿ ಕೊಡುವ ಉಡುಗೊರೆ) ಅವರು ಹೇಳಿದ ಮಿತಿಯೇ ಮಿತಿ. ದಾಟಿದರೆ ಎದುರಿನವರಿಗೂ ಮುಜುಗರ. ಅಂಚೆಯವರಿಗೆ ಹಬ್ಬದ ಉಡುಗೊರೆ ಅಂತ ನಗದು ಕೊಡುವಂತಿಲ್ಲ, 20 ಡಾಲರ್ ಒಳಗಿನ ವಸ್ತು ನಡೆಯುತ್ತದೆ.

ಊರಿಗೆ ರೊಕ್ಕ

ತೊಗರಿ ರಾಶಿ ಆಗುವುದು ಡಿಸೆಂಬರ್–ಜನವರಿಯಲ್ಲೇ. ಆಳುಗಳ ಕೂಲಿ, ರಾಶಿ ಮಷೀನಿನ ಬಾಡಿಗೆ ಮೊದಲು ಹೋಗುತ್ತವೆ. ಎಪಿಎಂಸಿಯಿಂದ ರೊಕ್ಕ ಬರುವುದು ಆಮೇಲೆ. ಮನೆಯಲ್ಲಿ ಹೊಲ ಇದ್ದರೆ ಕೇಳುವ ಮೊತ್ತದಲ್ಲಿ ಎಷ್ಟು ಹಬ್ಬಕ್ಕೆ, ಎಷ್ಟು ಹೊಲಕ್ಕೆ ಅಂತ ಬಿಡಿಸಿ ಕೇಳಿ. ಹೊಲದ ಭಾಗ ರಾಶಿ ಮಾರಿದ ಮೇಲೆ ತಿರುಗಿ ಬರುವಂಥದ್ದಾದರೆ ಆ ಮಾತು ಈಗಲೇ ಆಗಲಿ. ಅವ್ವ–ಅಪ್ಪನಿಗೆ ಕೊಟ್ಟದ್ದನ್ನು ತಿರುಗಿ ಕೇಳುವುದಿಲ್ಲ ಅನ್ನುವುದಾದರೆ ಅದನ್ನು ಸಾಲದ ಸಾಲಿನಲ್ಲಿ ಬರೆಯಲೇಬೇಡಿ.

ಕಳಿಸುವಾಗ "ಶುಲ್ಕ ಸೊನ್ನೆ" ಅನ್ನುವ ಜಾಹೀರಾತು ಬಿಟ್ಟು, 500 ಡಾಲರಿಗೆ ಕೊನೆಗೆ ಎಷ್ಟು ರೂಪಾಯಿ ಜಮಾ ಆಗುತ್ತದೆ ಅನ್ನುವುದೊಂದನ್ನೇ ಒಂದೇ ಗಳಿಗೆಯಲ್ಲಿ ಮೂರು ಕಡೆ ಹೋಲಿಸಿ. ಶುಲ್ಕ ಬಿಟ್ಟವರು ದರದಲ್ಲಿ ಹಿಡಿಯುತ್ತಾರೆ. ಮೊದಲ ಸಲದ ವಿಶೇಷ ದರಕ್ಕೂ ಮಿತಿ ಇರುತ್ತದೆ. ಬ್ಯಾಂಕ್ ಖಾತೆಯಿಂದ ಕಳಿಸಿ. ಕ್ರೆಡಿಟ್ ಕಾರ್ಡಿನಿಂದ ಕಳಿಸಿದರೆ ನಗದು ಮುಂಗಡ ಅಂತ ಹಿಡಿದು ಮೊದಲ ದಿನದಿಂದ ಬಡ್ಡಿ ಹಾಕುವುದುಂಟು. 2026ರ ಜನವರಿ 1ರಿಂದ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಹೊರದೇಶಕ್ಕೆ ಕಳಿಸಿದರೆ ಶೇ. 1 ತೆರಿಗೆ ಇದೆ, ಖಾತೆಯಿಂದಾದರೆ ಇಲ್ಲ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್, ಜನವರಿ 1 ಬ್ಯಾಂಕ್ ರಜೆ. ಹಬ್ಬಕ್ಕೆ ಮುಟ್ಟಬೇಕಾದ್ದು ಐದು ಕೆಲಸದ ದಿನ ಮೊದಲೇ ಹೊರಡಲಿ. ಊರಿನ ಬ್ಯಾಂಕಿನ ನಿಮ್ಮ ಹಳೇ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ ಖಾತೆ) ಮಾಡಿಸದಿದ್ದರೆ ಅದನ್ನೂ ಈಗಲೇ ಮುಗಿಸಿ.

ಎಳ್ಳಮವಾಸ್ಯೆ ಭಜ್ಜಿ ಇಲ್ಲಿ ದುಬಾರಿ ಆಗಬೇಕಿಲ್ಲ. ಹಸಿ ತೊಗರಿ, ಹಸಿ ಕಡ್ಲಿ, ಅವರೆ ಹುಡುಕಿ ಮೂರು ಅಂಗಡಿ ತಿರುಗುವ ಬದಲು ಭಾರತೀಯ ಅಂಗಡಿಯ ಫ್ರೀಜರ್ ನೋಡಿ. ಹೆಸರು ಗುಜರಾತಿ, ಹಿಂದಿಯಲ್ಲಿರುತ್ತವೆ: ತುವರ್ ಲಿಲ್ವಾ, ಹರಾ ಚನಾ, ಪಾಪಡಿ ಲಿಲ್ವಾ. ಎಂಟು ಜನರಿಗೆ ಒಂದೊಂದು ಪ್ಯಾಕೆಟ್ ಸಾಕು. ಮೆಂತ್ಯ, ಉಳ್ಳಾಗಡ್ಡಿ ಸೊಪ್ಪು, ಬದನೆ ಮಾತ್ರ ತಾಜಾ ಇರಲಿ. ಜೋಳದ ಹಿಟ್ಟು ರಿಯಾಯಿತಿಯಲ್ಲಿ ಸಿಕ್ಕಿತು ಅಂತ ದೊಡ್ಡ ಚೀಲ ತರಬೇಡಿ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ರೊಟ್ಟಿ ಒಡೆಯುತ್ತದೆ. ಪ್ಯಾಕ್ ಆದ ತಾರೀಖು ನೋಡಿ, ಚಿಕ್ಕ ಚೀಲ ತನ್ನಿ. ನಾಲ್ಕು ಮನೆಯವರು ಸೇರಿ ಒಬ್ಬರು ರೊಟ್ಟಿ, ಒಬ್ಬರು ಭಜ್ಜಿ, ಒಬ್ಬರು ಅಂಬಲಿ, ಒಬ್ಬರು ಶೇಂಗಾ ಹೋಳಿಗೆ ಮಾಡಿದರೆ ಖರ್ಚೂ ಹಗುರ, ಕೈಯೂ ಹಗುರ. ಚರಗ ಚೆಲ್ಲಲು ಹೊಲ ಇಲ್ಲ ಅನ್ನುವ ಬೇಜಾರಿಗೆ ಬಜೆಟ್ಟಿನಲ್ಲಿ ಮದ್ದಿಲ್ಲ.

ಊರಿಗೆ ಹೋಗುವವರು

ಡಿಸೆಂಬರ್ ಎರಡನೇ ವಾರ ದಾಟಿದರೆ ಹೈದರಾಬಾದಿನ ಟಿಕೆಟ್ ಏರುತ್ತದೆ. ಎಳ್ಳಮವಾಸ್ಯೆಯೇ ಗುರಿಯಾದರೆ ಕ್ರಿಸ್ಮಸ್ ಕಳೆದ ಮೇಲೆ ಹೊರಟು ಜನವರಿ ಕೊನೆಗೆ ಬರುವ ತಾರೀಖುಗಳನ್ನೂ ಹಾಕಿ ನೋಡಿ. ಶಂಷಾಬಾದಿನಿಂದ ಮುಂದಿನ ಗಾಡಿ ಬಾಡಿಗೆಯನ್ನು ಟಿಕೆಟ್ ಲೆಕ್ಕಕ್ಕೇ ಸೇರಿಸಿ. ಹೈದರಾಬಾದಿನಿಂದ ಬೀದರ್ ಸುಮಾರು 140 ಕಿ.ಮೀ., ಕಲಬುರಗಿ ಸುಮಾರು 220. ವೀಸಾ ಸ್ಟಾಂಪಿಂಗ್ (ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದು) ಇದ್ದರೆ ದಿನಾಂಕ ಮುಂದೆ ಹೋಗುವ ಸಾಧ್ಯತೆ ಲೆಕ್ಕ ಹಾಕಿ, ಒಂದು ತಿಂಗಳ ಬಾಡಿಗೆ, ಟಿಕೆಟ್ ಬದಲಿಸುವ ಖರ್ಚು ಮುಟ್ಟದೆ ಇಡಿ.

"ಬರುವಾಗ ಒಂದು ಫೋನ್ ತಗೊಂಡು ಬಾ" ಅನ್ನುವವರಿಗೆ ಹ್ಞೂಂ ಅನ್ನುವ ಮೊದಲು: ಇಲ್ಲಿ ಮೊಬೈಲ್ ಕಂಪನಿಯ ಕಂತಿನಲ್ಲಿ ಸಿಗುವ ಫೋನು ಸಾಮಾನ್ಯವಾಗಿ ಲಾಕ್ ಆಗಿರುತ್ತದೆ, ಅಲ್ಲಿನ ಸಿಮ್ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಮಾರುವ ಐಫೋನ್ 14ರಿಂದ ಸಿಮ್ ಹಾಕುವ ಜಾಗವೇ ಇಲ್ಲ, ಇ–ಸಿಮ್ ಮಾತ್ರ. ಮಿಕ್ಸರ್, ಹೇರ್ ಡ್ರೈಯರ್ ಇಲ್ಲಿನ 120 ವೋಲ್ಟಿನವು. ಊರಿನ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತವೆ. ಕೊಂಡಿದ್ದು ಬೇಡವಾದರೆ ತಿರುಗಿ ಕೊಡಲು ಅನೇಕ ಅಂಗಡಿಗಳು ಜನವರಿತನಕ ಅವಕಾಶ ಕೊಡುತ್ತವೆ, ಆದರೆ ಎಲೆಕ್ಟ್ರಾನಿಕ್ಸಿಗೆ ಅವಧಿ ಕಡಿಮೆ ಇರಬಹುದು. ನೀವು ಊರಲ್ಲಿರುವಾಗಲೇ ಅದು ಮುಗಿಯುತ್ತದೋ ನೋಡಿಕೊಳ್ಳಿ.

ಜನವರಿ

ಆರೋಗ್ಯ ವಿಮೆಯ ಡಿಡಕ್ಟಿಬಲ್ (ವಿಮೆ ಕೊಡುವ ಮೊದಲು ನಾವೇ ಕಟ್ಟುವ ಮೊತ್ತ) ಬಹುಪಾಲು ಯೋಜನೆಗಳಲ್ಲಿ ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು. ಈ ವರ್ಷ ಅದನ್ನು ತುಂಬಿದ್ದರೆ ಮುಂದೂಡಿದ ಪರೀಕ್ಷೆ, ಔಷಧ ಡಿಸೆಂಬರಿನಲ್ಲೇ ಮುಗಿಸಿ. ಎಫ್‌ಎಸ್‌ಎ ಖಾತೆಯಲ್ಲಿ (ಆರೋಗ್ಯದ ಖರ್ಚಿಗೆ ಪಗಾರದಿಂದ ತೆರಿಗೆ ಇಲ್ಲದೆ ತೆಗೆದಿಟ್ಟದ್ದು) ಉಳಿದದ್ದು ಕೈತಪ್ಪಿ ಹೋಗಬಹುದು. ಕನ್ನಡಕ, ಹಲ್ಲಿನ ಕೆಲಸಕ್ಕೆ ಬಳಸಿ. ಡಿಸೆಂಬರಿನ ಹೀಟಿಂಗ್ ಬಿಲ್ಲು ಬರುವುದೂ ಜನವರಿಯಲ್ಲಿ. ಎಚ್ಚರ ಇರುವಾಗ 68 ಡಿಗ್ರಿ ಫ್ಯಾರನ್‌ಹೀಟ್, ಮಲಗುವಾಗ ಅಥವಾ ಹೊರಗೆ ಹೋದಾಗ ಎಂಟು ತಾಸು 7ರಿಂದ 10 ಡಿಗ್ರಿ ಇಳಿಸಿದರೆ ವರ್ಷದ ಬಿಲ್ಲಿನಲ್ಲಿ ಶೇ. 10ರವರೆಗೆ ಉಳಿಯುತ್ತದೆ ಅಂತ ಇಲ್ಲಿನ ಇಂಧನ ಇಲಾಖೆ ಹೇಳುತ್ತದೆ. ಕೂಸು ಇದ್ದ ಮನೆಯಲ್ಲಿ ರಾತ್ರಿ ಅಷ್ಟು ಇಳಿಸಬೇಡಿ.

ತೆರಿಗೆ ಮರುಪಾವತಿಯನ್ನು ಈ ಲೆಕ್ಕಕ್ಕೆ ತರಬೇಡಿ. ಕಂಪನಿ ಡಬ್ಲ್ಯೂ–2 (ವರ್ಷದ ಪಗಾರ, ತೆರಿಗೆ ಕಡಿತದ ಪತ್ರ) ಕೊಡಲು ಜನವರಿ ಕೊನೆತನಕ ಸಮಯ ಇದೆ. ಕೆಲಸದ ಪರವಾನಗಿ ಇಲ್ಲದ ಸಂಗಾತಿಗೆ ಐಟಿಐಎನ್ (ತೆರಿಗೆ ಇಲಾಖೆಯ ಗುರುತಿನ ಸಂಖ್ಯೆ) ಬೇಕಾದರೆ ಆ ಅರ್ಜಿ ಸಾಮಾನ್ಯವಾಗಿ ತೆರಿಗೆ ರಿಟರ್ನಿನ ಜೊತೆಗೇ ಹೋಗಬೇಕು. ರೊಕ್ಕ ಕೈಗೆ ಬರಲು ಯುಗಾದಿ ದಾಟಬಹುದು. ಫೆಬ್ರುವರಿ 7ರ ಕಾರ್ಡ್ ಬಿಲ್ಲಿಗೆ ಪಗಾರದ ರೊಕ್ಕವನ್ನೇ ತೆಗೆದಿಡಿ.