ಪಬ್ಬಿಗೆ ಹೋಗಿ, ಅಂಕವನ್ನೂ ಕೊಡಿ, ಆದರೆ ಕಾರಿನ ನಂಬರ್ ಮರೆಯಬೇಡಿ

ಇಂಗ್ಲೆಂಡಿನ ಶೆಫೀಲ್ಡಿಗೆ ಹೊಸದಾಗಿ ಬಂದ ನಮ್ಮವರಿಬ್ಬರು ಕಳೆದ ತಿಂಗಳು ಒಂದೇ ವಾರದಲ್ಲಿ ನನಗೆ ಫೋನ್ ಮಾಡಿದರು. ಇಬ್ಬರಿಗೂ ಒಂದೇ ತರಹದ ಪತ್ರ ಬಂದಿತ್ತು: ಪಬ್ಬಿನ ಕಾರ್ ಪಾರ್ಕಿನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ 100 ಪೌಂಡ್ ಕಟ್ಟಿ ಅಂತ. ನಾಲ್ಕು ವರ್ಷದ ಹಿಂದೆ ನನಗೂ ಬಂದಿತ್ತು. ಇನ್ನೊಬ್ಬರು ದುಡ್ಡು ಕಳೆದುಕೊಳ್ಳುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಅವತ್ತು ಭಾನುವಾರ. ಮನೆಯವರನ್ನೆಲ್ಲ ಕರಕೊಂಡು ಊರಾಚೆಯ ಒಂದು ಪಬ್ಬಿಗೆ ರೋಸ್ಟ್ ಊಟಕ್ಕೆ ಹೋಗಿದ್ದೆ. ಗ್ರಾಹಕರಿಗೆ ಪಾರ್ಕಿಂಗ್ ಉಚಿತ ಅಂತ ಬೋರ್ಡಿತ್ತು, ಅಷ್ಟನ್ನೇ ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಳಗೆ ಬಾರ್ ಹತ್ತಿರ ಇರುವ ಟ್ಯಾಬ್ಲೆಟ್‌ನಲ್ಲಿ ಕಾರಿನ ನಂಬರ್ ಹಾಕಲೇಬೇಕು ಅಂತಲೂ ಇತ್ತು. ಕ್ಯಾಮೆರಾ ನಾವು ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಹಿಡಿದಿತ್ತು. ಪತ್ರ ನೋಡಿ ಹೆದರಿಬಿಟ್ಟೆ. 14 ದಿನದೊಳಗೆ ಕಟ್ಟಿದರೆ 60 ಪೌಂಡ್ ಸಾಕು ಅಂತಿತ್ತು, ಅವತ್ತೇ ಕಟ್ಟಿದೆ. ಅದೇ ದೊಡ್ಡ ತಪ್ಪು. ಒಮ್ಮೆ ಕಟ್ಟಿದರೆ ಮುಗಿಯಿತು, ಆಮೇಲೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.

ಅದು ಪೊಲೀಸರ ದಂಡ ಅಲ್ಲ, ಖಾಸಗಿ ಕಂಪನಿಯ ಬಿಲ್ಲು. ಹಾಗಂತ ಹರಿದು ಬಿಸಾಡಬೇಡಿ, ಅವರು ಕೋರ್ಟಿಗೆ ಹೋಗಬಹುದು. ಮೊದಲು ಊಟದ ರಸೀದಿ ಹಿಡಿದು ಪಬ್ಬಿನ ಮ್ಯಾನೇಜರನ್ನು ಕಾಣಿ, ಎಷ್ಟೋ ಸಲ ಅವರೇ ಹೇಳಿ ರದ್ದು ಮಾಡಿಸುತ್ತಾರೆ. ಆಗಲಿಲ್ಲ ಅಂದರೆ ಕಂಪನಿಗೇ ಬರೆಯಿರಿ. ನಂಬರಿನಲ್ಲಿ ಸೊನ್ನೆಯ ಬದಲು 'ಓ' ಒತ್ತಿದ್ದರೆ ಅದನ್ನೂ ತಿಳಿಸಿ. ಕಂಪನಿಯೂ ಒಪ್ಪದಿದ್ದರೆ ಪಾರ್ಕಿಂಗ್ ತಕರಾರು ಕೇಳುವ ಹೊರಗಿನ ಸಂಸ್ಥೆಗಳಾದ ಪೋಪ್ಲಾ ಅಥವಾ ಐಎಎಸ್‌ಗೆ ಮೇಲ್ಮನವಿ ಹಾಕಬಹುದು, ಯಾವುದಕ್ಕೆ ಅಂತ ಅವರ ಉತ್ತರದಲ್ಲೇ ಇರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಬೆಂಗಳೂರೇ ವಾಸಿ. ಅಲ್ಲಿ ಚೀಟಿ ಹರಿದು ಕೊಡುವ ಹುಡುಗ ಎದುರಿಗೇ ಇರುತ್ತಾನೆ, ಮಾತಾಡಬಹುದು. ಕ್ಯಾಮೆರಾ ಹತ್ತಿರ ಏನಂತ ಮಾತಾಡುವುದು?

ಆ ಸಿಟ್ಟಿನಲ್ಲಿ ನಾನು ಪಬ್ಬಿಗೆ ಒಂದೇ ಸ್ಟಾರ್ ಕೊಟ್ಟಿದ್ದೆ. ಆಮೇಲೆ ಅಳಿಸಿದೆ, ಯಾಕಂದರೆ ಪಬ್ಬು ನಡೆಸುವವರ ಕೈಯಲ್ಲಿ ಎಲ್ಲವೂ ಇರುವುದಿಲ್ಲ. ಎಷ್ಟೋ ಪಬ್ಬುಗಳು ಬಿಯರ್ ತಯಾರಿಸುವ ಅಥವಾ ಪಬ್ಬುಗಳ ಒಡೆತನ ಇರುವ ಒಂದು ಕಂಪನಿಯ ಕರಾರಿಗೆ ಒಳಪಟ್ಟಿರುತ್ತವೆ, ಯಾವ ಬಿಯರ್ ಇಡಬೇಕು ಅನ್ನುವುದೂ ಅವರದೇ ತೀರ್ಮಾನ ಅಲ್ಲ. 'ಫ್ರೀ ಹೌಸ್' ಅಂತ ಬರೆದಿದ್ದರೆ ಆ ಕರಾರು ಇಲ್ಲ ಅಂತ ಅರ್ಥ. ಆದರೆ ನೆಲಮಾಳಿಗೆಯಲ್ಲಿ ಬಿಯರ್ ಪೀಪಾಯಿ ಹೇಗೆ ನೋಡಿಕೊಂಡಿದ್ದಾರೆ ಅನ್ನುವುದು ಪೂರ್ತಿ ಅವರ ಕೆಲಸ, ಅಂಕ ಕೊಡುವುದಾದರೆ ಅದಕ್ಕೆ ಕೊಡಿ. ಕಾಸ್ಕ್ ಏಲ್, ಅಂದರೆ ಪೀಪಾಯಿಯಲ್ಲೇ ಹದಕ್ಕೆ ಬರುವ ಬಿಯರ್, ಐಸಿನ ಹಾಗೆ ತಣ್ಣಗಿರುವುದಿಲ್ಲ, ಸುಮಾರು 11ರಿಂದ 13 ಡಿಗ್ರಿಯಲ್ಲೇ ಕೊಡಬೇಕು. ಅದಕ್ಕೆ ಬಿಯರ್ ಬೆಚ್ಚಗಿದೆ ಅಂತ ಸುಮ್ನೆ ಕಡಿಮೆ ಕೊಡುವುದು ಅನ್ಯಾಯ ಅಲ್ವಾ? ವಿನೆಗರ್ ತರಹ ಹುಳಿ ಇದ್ದರೆ ಬಾರಿಗೆ ವಾಪಸ್ ಒಯ್ಯಿರಿ, ಒಳ್ಳೆಯ ಪಬ್ಬಿನವರು ಬದಲಿಸಿಯೇ ಕೊಡುತ್ತಾರೆ. ಇಂಥ ಬಿಯರ್ ಉಳಿಸಲು 1971ರಲ್ಲಿ ಶುರುವಾದ ಕಾಮ್ರಾ ಸಂಘದ ಸದಸ್ಯರು ಬಿಯರಿಗೆ 0ಯಿಂದ 5ರವರೆಗೆ ಅಂಕ ಹಾಕುತ್ತಾರೆ. ಅವರಲ್ಲಿ 3 ಅಂದರೇ ಚೆನ್ನಾಗಿದೆ ಅಂತ. ನಮ್ಮವರು ಐದೋ ಒಂದೋ ಅಂತ ಕೊಡುವುದಕ್ಕಿಂತ ಈ ಲೆಕ್ಕ ನನಗೆ ಜಾಸ್ತಿ ಹಿಡಿಸಿತು.

ಹೀಗೆ ಅಂಕ ಕೊಡುವುದನ್ನು ಕಲಿಯಲು ಶೆಫೀಲ್ಡಿನ ಕೆಲ್ಹಮ್ ಐಲ್ಯಾಂಡ್ ಬಡಾವಣೆಯಿಂದಲೇ ಶುರು ಮಾಡಿ. ಅಲ್ಲಿನ ಕೆಲ್ಹಮ್ ಐಲ್ಯಾಂಡ್ ಟ್ಯಾವರ್ನ್ 2008 ಮತ್ತು 2009ರಲ್ಲಿ ಕಾಮ್ರಾದ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಪಬ್ಬು, ಫ್ಯಾಟ್ ಕ್ಯಾಟ್ ಅನ್ನುವ ಪಬ್ಬು ಕೂಡ ಹತ್ತಿರದಲ್ಲೇ ಇದೆ. ಪೈಂಟ್ ಅಂದರೆ 568 ಮಿ.ಲೀ., ಎರಡು ಮೂರು ಪಬ್ಬು ನೋಡುವುದಾದರೆ ಹಾಫ್, ಅಂದರೆ ಅರ್ಧ ಪೈಂಟ್ ಕೇಳಿ. ಕಾರು ಮನೆಯಲ್ಲೇ ಬಿಡಿ. ಟ್ರಾಮಿನಲ್ಲಿ ಶೇಲ್ಸ್‌ಮೋರ್‌ನಲ್ಲಿ ಇಳಿದರೆ ಎರಡಕ್ಕೂ ನಡೆದೇ ಹೋಗಬಹುದು.