ಬೀಡಿ ಕಟ್ಟುವ ಅಮ್ಮನ ಮಗಳು ಪಿಎಚ್‌.ಡಿ. ಮಾಡಿದ್ದು

ನಮ್ಮ ಮನೆಯಲ್ಲಿ ಪಿಯುಸಿ ದಾಟಿದವಳು ನಾನೇ ಮೊದಲು. ಅಮ್ಮ ಬೀಡಿ ಕಟ್ಟಿ ಓದಿಸಿದರು. ಮದುವೆಯಾಗಿ ಸುರತ್ಕಲ್‌ಗೆ ಬಂದೆ, ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠಕ್ಕೆ ಸೇರಿದೆ. 2017ರಲ್ಲಿ ಪಾರ್ಟ್ ಟೈಮ್ ಪಿಎಚ್‌.ಡಿ.ಗೆ ಹೆಸರು ಕೊಟ್ಟಾಗ ದೊಡ್ಡ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. "ಕೆಲಸ ಇದೆಯಲ್ಲಾ ಮಗಾ, ಇನ್ನು ಯಾಕೆ ಓದುವುದು?" ಅಂತ ಅತ್ತೆ ಕೇಳಿದರು. ಬೇಸರದಿಂದ ಅಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಓದಿದವರ ಮನೆಯಲ್ಲಿ ಊಟಕ್ಕೆ ಕೂತಾಗಲೇ ಕಿವಿಗೆ ಬೀಳುವ ಸಂಗತಿಗಳನ್ನು ನಮ್ಮಂಥವರಿಗೆ ಯಾರೂ ಹೇಳುವುದಿಲ್ಲ. ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವವರ ಹತ್ತಿರ ಏನು ಕೇಳಬಹುದು, ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಹೇಗಿರಬೇಕು, ತಡವಾದರೆ ಏನಾಗುತ್ತದೆ, ಒಂದೂ ಗೊತ್ತಿರುವುದಿಲ್ಲ. ಅದಕ್ಕೇ ನಾನು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2016ರ ನಿಯಮಗಳನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಓದಿದೆ. ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಂಗಸರಿಗೆ ಇನ್ನೂ 2 ವರ್ಷ ಸಡಿಲಿಕೆ ಕೊಡಬಹುದು. ಜೊತೆಗೆ ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ.

ಎರಡನೇ ಮಗುವಿನ ಹೊತ್ತಿಗೆ ಆ ಸಾಲನ್ನೇ ಗೈಡ್‌ಗೆ ತೋರಿಸಿ ಅರ್ಜಿ ಕೊಟ್ಟೆ. ಅವರು ಸಂತೋಷದಿಂದಲೇ ಸಹಿ ಹಾಕಿದರು. ನನ್ನ ಜೊತೆ ಕೋರ್ಸ್‌ವರ್ಕ್ (ಪಿಎಚ್‌.ಡಿ.ಯ ಶುರುವಿನ ತರಗತಿಗಳು) ಮಾಡಿದ ಒಬ್ಬರಿಗೆ ಈ ರಜೆ ಇರುವುದೇ ಗೊತ್ತಿರಲಿಲ್ಲ. ಮಗು ಹುಟ್ಟಿದ ವರ್ಷ ಎಲ್ಲ ಬಿಟ್ಟರು. ನನಗಿಂತ ಚೆನ್ನಾಗಿ ಓದುತ್ತಿದ್ದರು. ಈಗಲೂ ಅದನ್ನು ನೆನೆದರೆ ಸಂಕಟ ಆಗುತ್ತದೆ.

ವಿಷಯವನ್ನು ಮನೆಯ ಹತ್ತಿರದಲ್ಲೇ ಆರಿಸಿದೆ: ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರ ದುಡಿಮೆ ಮತ್ತು ಅವರ ಹೆಣ್ಣುಮಕ್ಕಳ ಓದು. ಪುಟ್ಟ ಮಕ್ಕಳಿರುವವರು ದೂರದ ಊರಿನ ಫೀಲ್ಡ್‌ವರ್ಕ್ ಒಪ್ಪಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ ಸಿಗುವ ಕೆಲಸ ಅದು. ಕೈ ನಿಂತರೆ ದುಡ್ಡು ನಿಲ್ಲುತ್ತದೆ. ಹಾಗಾಗಿ ಪ್ರಶ್ನಾವಳಿ ಹಿಡಿದು ಎದುರು ಕೂರದೆ, ಎಲೆ ಕತ್ತರಿಸಿ ಕೊಡುತ್ತಾ ತುಳುವಿನಲ್ಲಿ ಮಾತಾಡಿದೆ. ಸಂಜೆ ಬೀಡಿ ಕಂಪನಿಯ ಬ್ರಾಂಚ್‌ಗೆ ಬೀಡಿ ಕೊಡಲು ಹೋಗುವಾಗ ಜೊತೆಗೆ ನಡೆದೆ. ದಾರಿಯಲ್ಲಿ ಅವರು ಹೇಳಿದ್ದು ಮನೆಯೊಳಗೆ ಹೇಳಿದ್ದಕ್ಕಿಂತ ಜಾಸ್ತಿ. ಆಗ ಜಾರಿಯಲ್ಲಿದ್ದ 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮನೆಯಲ್ಲಿ ಕೂತು ಕಟ್ಟುವವರಿಗೂ ಅದು ಅನ್ವಯಿಸುತ್ತದೆ ಎಂದು ಹೇಳಿದಾಗ ಒಬ್ಬ ಅಕ್ಕ ಕೈಕೆಲಸ ಬಿಟ್ಟು ನನ್ನ ಮುಖ ನೋಡಿದರು.

ಬರೆಯಲು ಮನೆಯನ್ನು ನಂಬಲಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಬರೆಯಿರಿ ಅನ್ನುತ್ತಾರೆ, ಆದರೆ ಆ ಹೊತ್ತಿಗೆ ತಲೆ ಓಡುವುದಿಲ್ಲ ಅಲ್ವಾ? ಕೊನೆಯ ಬೆಲ್ ಆದ ಮೇಲೆ ಕಾಲೇಜು ಲೈಬ್ರರಿಯಲ್ಲೇ ಕೂತು ಬರೆದೆ. ಮಗಳನ್ನು ಇವರು ಕರೆತರುತ್ತಿದ್ದರು. ಚಿಕ್ಕವನು ಅತ್ತೆಯ ಹತ್ತಿರ. ಪರೀಕ್ಷೆ, ಮೌಲ್ಯಮಾಪನದ ತಿಂಗಳುಗಳಲ್ಲಿ ಒಂದು ಸಾಲೂ ಆಗುತ್ತಿರಲಿಲ್ಲ. ಅದನ್ನು ಗೈಡ್‌ಗೆ ಮೊದಲೇ ಹೇಳಿಡುತ್ತಿದ್ದೆ.

ಅಧ್ಯಾಯ ಅಂದರೆ ಹೇಗಿರುತ್ತದೆ ಎಂದು ಕಲಿಸಿದ್ದು ಶೋಧಗಂಗಾ ಎಂಬ ವೆಬ್‌ಸೈಟ್. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ನನ್ನ ವಿಷಯಕ್ಕೆ ಹತ್ತಿರದವನ್ನು ಮೊಬೈಲ್‌ಗೆ ಇಳಿಸಿ, ಬಸ್ಸಿನಲ್ಲಿ ಓದುತ್ತಾ ಹೋದೆ. ಪ್ರಬಂಧ ಕೊಡುವ ಮೊದಲು ಹೋಲಿಕೆ ಪರೀಕ್ಷೆಯೂ (ಬೇರೆಯವರ ಬರಹ ನಕಲಾಗಿದೆಯೇ ಎಂದು ನೋಡುವುದು) ಇರುತ್ತದೆ, ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾವರೆಗಿನ ಹೋಲಿಕೆಗೆ ದಂಡನೆ ಇಲ್ಲ.

ಈಗ ಸೇರುವವರಿಗೆ 2022ರ ನಿಯಮ. 240 ದಿನಗಳ ರಜೆ ಅದರಲ್ಲೂ ಇದೆ, ಹೆಂಗಸರಿಗೆ ಒಟ್ಟು ಅವಧಿ 10 ವರ್ಷದವರೆಗೂ ಹೋಗಬಹುದು. ಪಾರ್ಟ್ ಟೈಮ್ ಆದರೆ ಕೆಲಸ ಕೊಟ್ಟವರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು. ಸಂಶೋಧನೆಗೆ ಸಮಯ ಸಿಗುತ್ತದೆ, ಅಗತ್ಯಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಬಾಯಿಮಾತಿಗೆ ಒಪ್ಪಬೇಡಿ, ಬರೆಸಿಕೊಳ್ಳಿ. ಒಂದು ಪ್ರತಿ ಮನೆಯಲ್ಲೂ ಇರಲಿ.